ವಿಶ್ವವಿದ್ಯಾಲಯದ ಖಾತೆಯನ್ನೂ ಕಡತಗಳನ್ನೂ ಕಾಪಾಡಿಕೊಳ್ಳುವ ಬಗೆ

2019ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಕ್ಕೆ ಬಂದ ವಂಚನೆಯ ಇ-ಮೇಲ್ ಒಂದರ ಲಿಂಕನ್ನು ಅಲ್ಲಿನವರು ತೆರೆದರು. ಆ ದಾರಿಯಿಂದ ಒಳಹೊಕ್ಕ ಕಳ್ಳರು ಎರಡು ತಿಂಗಳು ಸದ್ದಿಲ್ಲದೆ ಜಾಲದೊಳಗೆ ಓಡಾಡಿ, ಡಿಸೆಂಬರ್ 23ರಂದು 267 ಸರ್ವರ್‌ಗಳ ಕಡತಗಳಿಗೆ ಬೀಗ ಜಡಿದರು. ಕೆಲವು ಬ್ಯಾಕಪ್‌ಗಳು ಅದೇ ಜಾಲದಲ್ಲಿದ್ದುದರಿಂದ ಅವೂ ಕೈತಪ್ಪಿದವು. ಕೊನೆಗೆ 30 ಬಿಟ್‌ಕಾಯಿನ್ ತೆತ್ತು ಬಿಡಿಸಿಕೊಳ್ಳಬೇಕಾಯಿತು.

ಆದ್ದರಿಂದ ಮೊದಲ ಎಚ್ಚರಿಕೆ ಇ-ಮೇಲ್ ಕುರಿತದ್ದು. ಕಳುಹಿಸಿದವರ ಹೆಸರನ್ನಷ್ಟೇ ನಂಬದೆ ಪೂರ್ತಿ ವಿಳಾಸವನ್ನು ಓದಬೇಕು. ಆದರೆ ಸಹೋದ್ಯೋಗಿಯ ಖಾತೆಯೇ ಕಳುವಾಗಿದ್ದರೆ ವಿಳಾಸವೂ ಸರಿಯಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು. 'ಮೇಲ್‌ಬಾಕ್ಸ್ ತುಂಬಿದೆ', 'ವಿದ್ಯಾರ್ಥಿವೇತನ ತಡೆಹಿಡಿಯಲಾಗಿದೆ' ಎಂದು ಅವಸರಪಡಿಸುವ ಪತ್ರ ಬಂದಾಗ, ಅದರೊಳಗಿನ ಲಿಂಕನ್ನು ಒತ್ತದೆ, ನೀವೇ ಬ್ರೌಸರಿನಲ್ಲಿ ಗುರುತು ಮಾಡಿಟ್ಟುಕೊಂಡ ಪುಟದಿಂದ ಲಾಗಿನ್ ಆಗಿ ನೋಡುವುದು ಒಳ್ಳೆಯದು.

ಮೋಸಹೋಗಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಮುಜುಗರಪಟ್ಟು ಮುಚ್ಚಿಡುವುದೇ ನಿಜವಾದ ತಪ್ಪು. ಕೂಡಲೇ ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ, ಕಂಪ್ಯೂಟರ್ ವಿಭಾಗಕ್ಕೆ ತಿಳಿಸಬೇಕು. ಇ-ಮೇಲ್ ಸೆಟ್ಟಿಂಗ್‌ನಲ್ಲಿ ನಿಮ್ಮ ಪತ್ರಗಳನ್ನು ಅಪರಿಚಿತ ವಿಳಾಸಕ್ಕೆ ರವಾನಿಸುವ ನಿಯಮವೇನಾದರೂ ಸೇರಿಕೊಂಡಿದೆಯೇ ಎಂದೂ ಪರೀಕ್ಷಿಸಬೇಕು. ಪಾಸ್‌ವರ್ಡ್ ಬದಲಿಸಿದ ಮೇಲೂ ಆ ನಿಯಮ ತನ್ನ ಕೆಲಸ ಮುಂದುವರಿಸುತ್ತದೆ.

ವಿಶ್ವವಿದ್ಯಾಲಯದ ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸಬಾರದು, ಏಕೆಂದರೆ ಯಾವುದೋ ಒಂದು ತಾಣದಿಂದ ಸೋರಿದ ಪಾಸ್‌ವರ್ಡುಗಳನ್ನು ಉಳಿದ ತಾಣಗಳಲ್ಲೂ ಯಂತ್ರದ ಮೂಲಕ ಪ್ರಯೋಗಿಸಿ ನೋಡುವುದು ಕಳ್ಳರ ನಿತ್ಯದ ಕಸುಬು. ಹಲವು ಪದಗಳನ್ನು ಕೂಡಿಸಿದ ಉದ್ದನೆಯ ಪಾಸ್‌ವರ್ಡ್ ಇರಲಿ; ಪ್ರತಿ ತಾಣಕ್ಕೂ ಬೇರೆ ಬೇರೆಯದನ್ನು ನೆನಪಿಡಲು ಪಾಸ್‌ವರ್ಡ್ ಮ್ಯಾನೇಜರ್ ಇದೆ. ಕಾರಣವಿಲ್ಲದೆ ಆಗಾಗ ಬದಲಾಯಿಸುತ್ತಿರುವಂತೆ ಒತ್ತಾಯಿಸುವ ಹಳೆಯ ಪದ್ಧತಿಯನ್ನು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕೈಬಿಡುವಂತೆ ಸೂಚಿಸಿತು. ಒತ್ತಾಯಕ್ಕೆ ಸಿಕ್ಕವರು ಕೊನೆಯ ಅಂಕೆಯೊಂದನ್ನು ಬದಲಿಸಿ ಸುಮ್ಮನಾಗುವುದೇ ಹೆಚ್ಚು. ಇದಕ್ಕಿಂತ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಒಪ್ಪಿಗೆ ಅಥವಾ ಒಟಿಪಿಯನ್ನೂ ಕೇಳುವ ಏರ್ಪಾಡು, ಎಷ್ಟೋ ಮೇಲು. ನೀವು ಲಾಗಿನ್ ಆಗದಿರುವಾಗ ಮೊಬೈಲಿಗೆ ಒಪ್ಪಿಗೆಯ ಕೋರಿಕೆ ಬಂದರೆ ನಿರಾಕರಿಸಬೇಕು, ಒಟಿಪಿಯನ್ನು ಯಾರು ಕೇಳಿದರೂ ಹೇಳಬಾರದು.

ಅಪ್‌ಡೇಟ್‌ಗಳನ್ನು ಮುಂದೂಡಬೇಡಿ: 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಎಂಬ ತಂತ್ರಾಂಶ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತಿದ್ದುಪಡಿ ಕೊಟ್ಟಿತ್ತು. ದುಬಾರಿ ತಂತ್ರಾಂಶದ ಕಳ್ಳಪ್ರತಿಯನ್ನು ಹುಡುಕುವ ವಿದ್ಯಾರ್ಥಿಗಳು ಅದರ ಜೊತೆಗೇ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಸಂಭವವಿದೆ. ಸಂಸ್ಥೆಯ ಮೂಲಕ ಅದು ಉಚಿತವಾಗಿ ಸಿಗುವುದೇ ಎಂದು ಮೊದಲು ವಿಚಾರಿಸಲಿ. ಪ್ರಯೋಗಾಲಯದ ಕಂಪ್ಯೂಟರಿನಿಂದ ಏಳುವಾಗ ವಿಂಡೋ ಮುಚ್ಚಿದರೆ ಸಾಲದು, ಲಾಗ್‌ಔಟ್ ಮಾಡಬೇಕು.

ಪ್ರಬಂಧ, ಸಂಶೋಧನೆಯ ದತ್ತಾಂಶ, ಅಂಕಪಟ್ಟಿಗಳಂಥವುಗಳ ಮೂರು ಪ್ರತಿಗಳನ್ನು ಎರಡು ಬಗೆಯ ಮಾಧ್ಯಮಗಳಲ್ಲಿಟ್ಟು, ಒಂದನ್ನು ಬೇರೆ ಸ್ಥಳದಲ್ಲಿರಿಸುವುದು ರೂಢಿಯ ಕ್ರಮ. ಕ್ಲೌಡ್‌ಗೆ ತಾನಾಗಿ ಸಿಂಕ್ ಆಗುವ ಫೋಲ್ಡರನ್ನು ಬ್ಯಾಕಪ್ ಎಂದುಕೊಳ್ಳಬಾರದು, ಏಕೆಂದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹೊರಗಿನ ಹಾರ್ಡ್‌ಡಿಸ್ಕನ್ನು ನಕಲು ಮುಗಿದೊಡನೆ ಕಂಪ್ಯೂಟರಿನಿಂದ ಕಳಚಿಡಬೇಕು, ಆಗೀಗ ಅದರಿಂದ ಒಂದು ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಅದು ನಿಜಕ್ಕೂ ಓದಲು ಬರುತ್ತದೆಯೇ ಎಂದು ನೋಡಬೇಕು.