ಹಾಲು ಹೆಚ್ಚಲಿ ಅಂತ ಚೀನೀ ಮದ್ದು ತರುವ ಮುಂಚೆ

ಸಿಂಗಾಪುರದಲ್ಲಿ ಬಾಣಂತನದಲ್ಲಿರುವವರಿಗೆ ಒಂದು ಮಾತು. ಪಕ್ಕದ ಮನೆಯ ಚೀನೀ ಅಜ್ಜಿ ಪರಂಗಿಕಾಯಿ ಹಾಕಿದ ಮೀನಿನ ಸೂಪ್ ಕೊಟ್ಟರೆ, ಮೀನು ತಿನ್ನುವವರು ಧಾರಾಳವಾಗಿ ಕುಡಿಯಿರಿ. ಮೀನನ್ನು ಶುಂಠಿ ಜೊತೆ ಹುರಿದು, ಬಿಸಿನೀರು ಹಾಕಿ, ಸಾರು ಹಾಲಿನಂತೆ ಬೆಳ್ಳಗಾಗುವವರೆಗೆ ಕುದಿಸುತ್ತಾರೆ. ಅಕ್ಕಿ ವೈನ್ ಮಾತ್ರ ಬೇಡ ಅನ್ನಿ, ಅದು ಎದೆಹಾಲಿಗೂ ಸೇರುತ್ತೆ.

ಗಿಡಮೂಲಿಕೆ ಪೊಟ್ಟಣದ ವಿಷಯ ಬೇರೆ. ಚೀನೀ ವೈದ್ಯರು ಮೊದಲು ಎದೆ ಮೆತ್ತಗಿದೆಯಾ, ಬಿಗಿದು ನೋಯುತ್ತಿದೆಯಾ ಅಂತ ಕೇಳುತ್ತಾರೆ. ಮೆತ್ತಗಿದ್ದರೆ ನಿಶ್ಶಕ್ತಿ, ಬಿಗಿದಿದ್ದರೆ ಹರಿವು ಕಟ್ಟಿದೆ ಅನ್ನುವುದು ಅವರ ಲೆಕ್ಕ. ಎರಡಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಗೆಳತಿಯ ಪೊಟ್ಟಣ ಸುಮ್ನೆ ತಂದು ಕುದಿಸಬೇಡಿ. ಹುರಿದ ಬಾರ್ಲಿ ಮೊಳಕೆಯನ್ನಂತೂ ಅವರು ಹಾಲು ಬಿಡಿಸೋಕೆ ಕೊಡುತ್ತಾರೆ! ನಮಗೆ ಬೇಕಾಗಿರೋದು ಅದರ ಉಲ್ಟಾ ಅಲ್ವಾ?

ಇವೆಲ್ಲಕ್ಕೆ ಗಟ್ಟಿ ಪುರಾವೆ ಕಡಿಮೆ. ಮಗು ಮೊಲೆಯನ್ನು ಸರಿಯಾಗಿ ಬಾಯಲ್ಲಿ ಹಿಡಿದು, ದಿನಕ್ಕೆ 8ರಿಂದ 12 ಸಲ ಕುಡಿದರೆ ಹಾಲು ಜಾಸ್ತಿ ಆಗುತ್ತೆ. ಮೊದಲ ವಾರ ಕಳೆದ ಮೇಲೂ ದಿನಕ್ಕೆ 6 ಡೈಪರ್ ಒದ್ದೆಯಾಗದಿದ್ದರೆ ಸೂಪ್ ನಂಬಿ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.