ಮೊದಲು ಕೈ, ಆಮೇಲೆ ಕಣ್ಣು: ಫ್ಲೈಟ್ ಸಿಮ್ಯುಲೇಟರ್‌ಗೆ ನಾನು ಸ್ಟಿಕ್ ಮತ್ತು ಪಿಸಿ ಆರಿಸಿದ ಬಗೆ

ಫ್ಲೈಟ್ ಸಿಮ್ಯುಲೇಟರ್‌ಗೆ ಪಿಸಿ ಕಟ್ಟಿಸಬೇಕು ಅನ್ನುವವರು ಮೊದಲು ಕೇಳುವುದೇ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ. ನಾನು ಶುರು ಮಾಡಿದ್ದು ಇನ್ನೊಂದು ತುದಿಯಿಂದ. ಯಾವ ವಿಮಾನ ಹಾರಿಸುತ್ತೇನೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಂಡೆ. ಅದು ಗೊತ್ತಾದ ಮೇಲೆ ಸ್ಟಿಕ್, ಅಂದರೆ ವಿಮಾನ ನಡೆಸುವ ಹಿಡಿಕೋಲು, ಆರಿಸಿದೆ. ಸ್ಟಿಕ್ ನಿಲ್ಲಿಸಲು ಸ್ಟ್ಯಾಂಡ್ ಮಾಡಿಸಿದೆ. ಪಿಸಿ ಬಂದದ್ದು ಕೊನೆಗೆ.

ನನ್ನ ಮನೆ ಯಲಹಂಕದ ಕಡೆ. ಜಕ್ಕೂರು ಏರೋಡ್ರೋಮ್‌ನಿಂದ ಏಳುವ ಸಣ್ಣ ವಿಮಾನಗಳನ್ನು ನೋಡಿಕೊಂಡೇ ಬೆಳೆದವನು. ಹಾಗಾಗಿ ನನ್ನ ಆಸೆಯೂ ಅಷ್ಟೇ ಇತ್ತು: ಸೆಸ್ನಾ 172 ಹತ್ತಿ ಜಕ್ಕೂರಿನಿಂದ ಏಳಬೇಕು, ನಂದಿ ಬೆಟ್ಟ ಸುತ್ತಬೇಕು, ಬಂದು ಇಳಿಯಬೇಕು. ಆಗಾಗ ಒಂದು ಹೆಲಿಕಾಪ್ಟರ್.

ಈ ಆಯ್ಕೆಯಿಂದಲೇ ಫೋರ್ಸ್ ಫೀಡ್‌ಬ್ಯಾಕ್, ಅಂದರೆ ವಿಮಾನದ ಬಲವನ್ನು ಮೋಟಾರ್ ಮೂಲಕ ಕೈಗೆ ಮುಟ್ಟಿಸುವ ಸ್ಟಿಕ್, ಬೇಕಾಗಿ ಬಂತು. 172ರಲ್ಲಿ ಪೈಲಟ್‌ನ ಕೈಗೂ ರೆಕ್ಕೆ, ಬಾಲಗಳಿಗೂ ನಡುವೆ ಇರುವುದು ಉಕ್ಕಿನ ಕೇಬಲ್ ಮತ್ತು ರಾಟೆಗಳು. ಗಾಳಿ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಹಲಗೆ) ಮೇಲೆ ಎಷ್ಟು ಒತ್ತುತ್ತದೋ ಅದು ಕೇಬಲ್ ಮೂಲಕ ಕೈಗೆ ಬರುತ್ತದೆ. ವೇಗ ದುಪ್ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತದೆ. 60 ನಾಟ್‌ನಲ್ಲಿ ಸಲೀಸಾಗಿ ಆಡುವ ಕಂಟ್ರೋಲ್, 120 ನಾಟ್‌ನಲ್ಲಿ ಬಿಗಿ. ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುಂಚೆ ಕೈಯಲ್ಲಿ ಸತ್ತುಹೋದ ಹಾಗೆ ಸಡಿಲವಾಗುತ್ತದೆ, ಸಣ್ಣಗೆ ನಡುಗುತ್ತದೆ. ಮೀಟರ್ ನೋಡುವ ಮುಂಚೆಯೇ ಕೈಗೆ ಗೊತ್ತಾಗುತ್ತದೆ. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್‌ಗೆ ಇದು ಯಾವುದೂ ಗೊತ್ತಿಲ್ಲ. ಓಡುತ್ತಿರಲಿ, ನಿಂತಿರಲಿ, ಅದರ ಬಿಗಿ ಒಂದೇ.

ಆದರೆ ನನಗೆ ನಡುಕಕ್ಕಿಂತ, ಬಿಗಿಗಿಂತ ಮುಖ್ಯ ಅನ್ನಿಸಿದ್ದು ಟ್ರಿಮ್. ವೇಗ ತಗ್ಗಿಸಿ ಎತ್ತರ ಕಾಯ್ದುಕೊಳ್ಳಬೇಕು ಅಂದುಕೊಳ್ಳಿ. ಕಂಟ್ರೋಲ್ ಹಿಂದಕ್ಕೆ ಎಳೆದು ಹಿಡಿಯುತ್ತೀರಿ. ಕೈಗೆ ಭಾರ ಬೀಳುತ್ತದೆ. ಆಗ ಟ್ರಿಮ್ ಚಕ್ರ ತಿರುಗಿಸುತ್ತೀರಿ. ನಿಜವಾದ ವಿಮಾನದಲ್ಲಿ ಕೈ ಇದ್ದಲ್ಲೇ ಇರುತ್ತದೆ, ಭಾರ ಮಾತ್ರ ಕರಗುತ್ತಾ ಬರುತ್ತದೆ. ಪೂರ್ತಿ ಕರಗಿದಾಗ ಕೈ ಬಿಡಬಹುದು, ವಿಮಾನ ಹಾಗೇ ಸಾಗುತ್ತದೆ. ಸ್ಪ್ರಿಂಗ್ ಸ್ಟಿಕ್‌ನಲ್ಲಿ ನಡು ಅನ್ನುವುದು ಒಂದೇ ಜಾಗ, ಅದು ಕದಲುವುದಿಲ್ಲ. ಟ್ರಿಮ್ ತಿರುಗಿಸುತ್ತಾ, ಅದೇ ಹೊತ್ತಿಗೆ ಸ್ಟಿಕ್ಕನ್ನು ಅಂದಾಜಿನ ಮೇಲೆ ನಡುವಿಗೆ ಬಿಡಬೇಕು. ಮೂಗು ಮೇಲೆ ಕೆಳಗೆ ತೂಗುತ್ತದೆ. ಪರದೆ ನೋಡಿಕೊಂಡು ಟ್ರಿಮ್ ಮಾಡುವ ಅಭ್ಯಾಸ ಬೀಳುತ್ತದೆ. ಫೋರ್ಸ್ ಫೀಡ್‌ಬ್ಯಾಕ್ ಬೇಸ್‌ನಲ್ಲಿ (ಹಿಡಿ ಕೂರುವ ತಳದ ಪೆಟ್ಟಿಗೆ) ಸ್ಪ್ರಿಂಗಿನ ಕೆಲಸವನ್ನು ಮೋಟಾರ್ ಮಾಡುತ್ತದೆ. ಹಾಗಾಗಿ ಟ್ರಿಮ್ ಜೊತೆ ನಡುವೇ ಸರಿಯುತ್ತದೆ. ಹೆಲಿಕಾಪ್ಟರ್‌ಗಂತೂ ಇದು ಬೇಕೇ ಬೇಕು. ಫೋರ್ಸ್ ಟ್ರಿಮ್ ಗುಂಡಿ ಒತ್ತಿದರೆ ಸ್ಟಿಕ್ ಸಡಿಲ, ಬಿಟ್ಟರೆ ಅದೇ ಹೊಸ ನಡು. ಸ್ಪ್ರಿಂಗ್ ಜೊತೆ ಗುದ್ದಾಡಿಕೊಂಡು ಗಾಳಿಯಲ್ಲಿ ಒಂದೇ ಕಡೆ ನಿಲ್ಲಲು (ಹೋವರ್) ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಹಾಗಂತ ಎಲ್ಲರಿಗೂ ಫೋರ್ಸ್ ಫೀಡ್‌ಬ್ಯಾಕ್ ಬೇಕಿಲ್ಲ. ಏರ್‌ಬಸ್ ಎ320 ಹಾರಿಸುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆ ವಿಮಾನದ ಸೈಡ್‌ಸ್ಟಿಕ್‌ನಲ್ಲೇ ಸ್ಪ್ರಿಂಗ್ ಇದೆ, ರೆಕ್ಕೆಯ ಗಾಳಿ ಪೈಲಟ್‌ನ ಕೈಗೆ ಬರುವುದಿಲ್ಲ. ಸಾಮಾನ್ಯ ಹಾರಾಟದಲ್ಲಿ ಟ್ರಿಮ್ ಕೂಡ ತಾನಾಗೇ ಆಗುತ್ತದೆ. ಥ್ರಸ್ಟ್‌ಮಾಸ್ಟರ್‌ನ ಏರ್‌ಬಸ್ ಮಾದರಿ ಸ್ಟಿಕ್ ಅವರಿಗೆ ಸಾಕು, ನಿಜಕ್ಕೂ ಹತ್ತಿರ. ಎಫ್-16 ಯುದ್ಧವಿಮಾನದ ಸ್ಟಿಕ್ ಅಂತೂ ಕೈ ಒತ್ತಿದ ಬಲವನ್ನು ಅಳೆಯುತ್ತದೆ, ಹೆಚ್ಚು ಕಡಿಮೆ ಅಲ್ಲಾಡುವುದೇ ಇಲ್ಲ. ಯಾವ ವಿಮಾನ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ ಅನ್ನುವುದು ಇದಕ್ಕೇ.

ಮೊದಲ ಸಲ ಈ ಅನುಭವ ಸಿಕ್ಕಿದ್ದು ಗೆಳೆಯರೊಬ್ಬರ ಹಳೆಯ ಮೈಕ್ರೋಸಾಫ್ಟ್ ಸೈಡ್‌ವಿಂಡರ್ ಫೋರ್ಸ್ ಫೀಡ್‌ಬ್ಯಾಕ್ 2ರಲ್ಲಿ. ಎರಡು ದಶಕದ ಹಿಂದಿನ ಮಾಲು. ಹಿಡಿಯಲ್ಲಿ ಒಂದು ಸೆನ್ಸರ್ ಇದೆ, ಕೈ ಇಟ್ಟರೆ ಮಾತ್ರ ಮೋಟಾರ್‌ಗೆ ಜೀವ. ಇವತ್ತಿಗೂ ಅದು ವಿಂಡೋಸ್‌ನಲ್ಲಿ ಓಡುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ. ಆದರೆ ತಳದ ಲೇಬಲ್ ಓದದೆ ಪ್ಲಗ್ ಹಾಕಬೇಡಿ. ಪವರ್ ಸಪ್ಲೈ ಒಳಗೇ ಇದೆ. ಅಮೆರಿಕದಿಂದ ಸೂಟ್‌ಕೇಸ್‌ನಲ್ಲಿ ಬಂದದ್ದಾದರೆ ನಮ್ಮ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಅದರ ನಂತರ ಮನೆ ಬಳಕೆಗೆ ಇಂಥ ಸ್ಟಿಕ್‌ಗಳು ಬಹಳ ವರ್ಷ ಅಪರೂಪವಾಗಿದ್ದವು. ಇಮ್ಮರ್ಶನ್ ಅನ್ನುವ ಕಂಪನಿ 2002ರಲ್ಲಿ ಮೈಕ್ರೋಸಾಫ್ಟ್ ಮತ್ತು ಸೋನಿ ಮೇಲೆ, ಕೈಗೆ ನಡುಕ ಕೊಡುವ ತಂತ್ರದ ಬಗ್ಗೆ ಪೇಟೆಂಟ್ ಮೊಕದ್ದಮೆ ಹೂಡಿತ್ತು. ಸ್ವಿಟ್ಜರ್ಲೆಂಡಿನ ಬ್ರುನ್ನರ್ ತರದ ದುಬಾರಿ ಮಾಲು ಇತ್ತು. ಆಮೇಲೆ ವಿಪಿಫೋರ್ಸ್ ರೈನೋ ಬಂತು. ಮೋಜಾ ಎಬಿ9 ಬಂದ ಮೇಲೆ ನಮ್ಮಂಥವರೂ ಲೆಕ್ಕ ಹಾಕುವ ಹಾಗಾಯಿತು. ನಾನು ತೆಗೆದುಕೊಂಡಿದ್ದು ಅದೇ. ಬೆಲೆ ನೋಡುವಾಗ ಎರಡು ವಿಷಯ ನೆನಪಿರಲಿ. ಇಂಥದ್ದರಲ್ಲಿ ಬೇಸ್ ಬೇರೆ, ಹಿಡಿ ಬೇರೆ. ಹೊರಗಿನಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್, ಜಿಎಸ್‌ಟಿ ಎಲ್ಲ ಸೇರಿ ಲೆಕ್ಕ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಪೂರ್ತಿ ಮೊತ್ತ ಕೂಡಿಸಿಕೊಂಡೇ ತೀರ್ಮಾನ ಮಾಡಿ.

172ರಲ್ಲಿ ಇರುವುದು ಯೋಕ್, ಅಂದರೆ ಸ್ಟೀರಿಂಗ್ ತರದ ಹಿಡಿ, ಸ್ಟಿಕ್ ಅಲ್ಲ. ಆದರೂ ಸ್ಟಿಕ್ ಬೇಸ್ ಆರಿಸಿದೆ. ಫೋರ್ಸ್ ಫೀಡ್‌ಬ್ಯಾಕ್ ಯೋಕ್ ಮೇಜಿನ ಜಾಗವನ್ನೆಲ್ಲ ತಿನ್ನುತ್ತದೆ, ಹೆಲಿಕಾಪ್ಟರ್‌ಗೆ ಆಗಿಬರುವುದಿಲ್ಲ.

ಬಲದ ಲೆಕ್ಕವನ್ನು ಕೊಳ್ಳುವ ಮುಂಚೆ ಕಾಗದದ ಮೇಲೆ ಮಾಡಿದೆ. ಬೇಸ್ 9 ನ್ಯೂಟನ್ ಮೀಟರ್ ಅಂದರೆ ಕೈಗೆ ಎಷ್ಟು ಬರುತ್ತದೆ? ತಿರುಗುವ ಬಿಂದುವಿನಿಂದ ಕೈ 20 ಸೆಂಟಿಮೀಟರ್ ದೂರ ಇದ್ದರೆ 45 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಕೆಜಿ ಎಳೆತ. ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿ 30 ಸೆಂಟಿಮೀಟರ್ ಮಾಡಿದರೆ ಮೂರು ಕೆಜಿ. ಮನೆಯಲ್ಲಿ ಕೂತು ಸೆಸ್ನಾ ಹಾರಿಸಲು ನನಗೆ ಎರಡೂ ಸಾಕು. ಆದರೆ ಈ ಬಲಕ್ಕೆ ಸಾಮಾನ್ಯ ಕಂಪ್ಯೂಟರ್ ಟೇಬಲ್ ಬಾಗುತ್ತದೆ. ಸ್ಟಿಕ್ ಎಳೆದಾಗ ಟೇಬಲ್ಲೇ ಏಳುತ್ತದೆ, ಮಾನಿಟರ್ ಅಲುಗಾಡುತ್ತದೆ. ಅದಕ್ಕೆ ಬೇಸ್ ಅನ್ನು ಮೇಜಿನಿಂದ ಬೇರೆಯೇ ಇಟ್ಟೆ. ಪೀಣ್ಯದಲ್ಲಿ 40 ಎಂಎಂ ಅಲ್ಯೂಮಿನಿಯಂ ಪ್ರೊಫೈಲ್ ಅಳತೆಗೆ ಕತ್ತರಿಸಿಕೊಂಡು ಬಂದು, ಎರಡು ಕಾಲ ನಡುವೆ ನಿಲ್ಲುವ ಸ್ಟ್ಯಾಂಡ್ ಜೋಡಿಸಿದೆ. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿಸಿದರೆ ಇನ್ನೂ ಅಗ್ಗ, ಆದರೆ ಎತ್ತರ ಬದಲಾಯಿಸುವುದು ಕಷ್ಟ. ಕುರ್ಚಿಯೂ ಆ ಸ್ಟ್ಯಾಂಡಿಗೇ ಬಿಗಿದಿರಬೇಕು. ನಯವಾದ ಟೈಲ್ಸ್ ಮೇಲೆ ಗಾಲಿ ಇರುವ ಕುರ್ಚಿ ಇಟ್ಟುಕೊಂಡು ಕಾಲಿನ ರಡ್ಡರ್ ಪೆಡಲ್ ಒತ್ತಿ ನೋಡಿ, ಹಿಂದಕ್ಕೆ ಹೋಗುವವರು ನೀವೇ.

ಇನ್ನು ಸಾಫ್ಟ್‌ವೇರ್. ಡಿಸಿಎಸ್ ವರ್ಲ್ಡ್ ಅನ್ನುವ ಸಿಮ್ಯುಲೇಟರ್ ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಮೂಲಕ ಬೇಸ್ ಜೊತೆ ನೇರವಾಗಿ ಮಾತಾಡುತ್ತದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮತ್ತು ಎಕ್ಸ್-ಪ್ಲೇನ್ ಹಾಗಲ್ಲ. ನಡುವೆ ಒಂದು ತಂತ್ರಾಂಶ ಕೂರಬೇಕು. ಎಕ್ಸ್‌ಪಿಫೋರ್ಸ್ ಆಗಬಹುದು, ಬೇಸ್ ಮಾಡಿದವರದ್ದೇ ಆಗಬಹುದು. ಅದು ವಿಮಾನದ ವೇಗ, ಕೋನ, ಟ್ರಿಮ್ ಎಲ್ಲವನ್ನೂ ಸಿಮ್‌ನಿಂದ ಓದಿ, ಎಷ್ಟು ಬಲ ಕೊಡಬೇಕು ಅಂತ ಬೇಸ್‌ಗೆ ಹೇಳುತ್ತದೆ.

ಪಿಸಿ ಆರಿಸುವಾಗ ನನಗೆ ದಾರಿ ತೋರಿಸಿದ್ದು ಈ ಮಾಹಿತಿಯೇ. ಆ ಸಂಖ್ಯೆಗಳು ಬರುವುದು ಸಿಮ್‌ನಿಂದ, ಫ್ರೇಮ್‌ಗಳ, ಅಂದರೆ ಪರದೆಯ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರಗಳ ಲಯಕ್ಕೆ. ಫ್ರೇಮ್ ತಡವರಿಸಿದರೆ ಕೈಗೆ ಬರುವ ಬಲವೂ ತಡವರಿಸುತ್ತದೆ. ಇಳಿಯುವ ಗಳಿಗೆಯಲ್ಲಿ, ರನ್‌ವೇ ಮೇಲೆ ಮೂಗು ಎತ್ತುವಾಗ, ಸ್ಟಿಕ್ ಒಂದು ಕ್ಷಣ ಹಳೆಯ ಬಲದಲ್ಲೇ ನಿಂತು ಆಮೇಲೆ ತಟ್ಟನೆ ಜಿಗಿಯುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ತೊದಲು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ನನಗೆ ಬೇಕಾಗಿದ್ದು ಸೆಕೆಂಡಿಗೆ ನೂರು ಫ್ರೇಮ್ ಅಲ್ಲ, ಕದಲದೆ ನಿಲ್ಲುವ 40.

ಫ್ರೇಮ್ ಕದಲುವುದು ಹೆಚ್ಚಾಗಿ ಪ್ರೊಸೆಸರ್ ಕಡೆಯಿಂದ. ಸಿಮ್ಯುಲೇಟರ್ ಎಷ್ಟೇ ಕೆಲಸ ಹಂಚಿಕೊಂಡರೂ ಒಂದು ಮುಖ್ಯ ಥ್ರೆಡ್ (ಒಂದೇ ಕೋರ್‌ನಲ್ಲಿ ಸಾಲಾಗಿ ನಡೆಯುವ ಕೆಲಸ) ಮೇಲೆ ಭಾರ ಜಾಸ್ತಿ. ಹದಿನಾರು ಕೋರ್ ಇದ್ದರೂ ಆ ಒಂದು ಕೋರ್ ಸುಸ್ತಾದರೆ ಉಳಿದವು ಸುಮ್ನೆ ಕಾಯುತ್ತವೆ. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಡೆವಲಪರ್ ಮೋಡ್ ಹಾಕಿ ಫ್ರೇಮ್ ಕೌಂಟರ್ ತೆರೆದರೆ, ಯಾವುದು ತಡೆಯುತ್ತಿದೆ ಅಂತ ಅದೇ ಹೇಳುತ್ತದೆ. ಮೇನ್‌ಥ್ರೆಡ್ ಅಂತ ಬಂದರೆ ಕಾರ್ಡ್ ಬದಲಾಯಿಸಿ ಉಪಯೋಗ ಇಲ್ಲ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯ ಹುಡುಗ ಕೇಳಿದ, "ಗೇಮಿಂಗ್‌ಗೆ ತಾನೇ ಸಾರ್? ಕಾರ್ಡ್ ದೊಡ್ಡದು ಹಾಕ್ಕೊಳ್ಳಿ, ಪ್ರೊಸೆಸರ್ ಸಾಧಾರಣದ್ದು ಸಾಕು."

"ಫ್ಲೈಟ್ ಸಿಮ್‌ಗೆ ಕಣಪ್ಪಾ. ಪ್ರೊಸೆಸರ್ ಎಕ್ಸ್3ಡಿನೇ ಬೇಕು, ಉಳಿದ ದುಡ್ಡಲ್ಲಿ ಯಾವ ಕಾರ್ಡ್ ಬರುತ್ತೆ ಹೇಳು," ಅಂದೆ.

ಎಎಂಡಿಯ ರೈಜನ್ 7 7800ಎಕ್ಸ್3ಡಿ ತೆಗೆದುಕೊಂಡೆ. ಎಕ್ಸ್3ಡಿ ಅಂದರೆ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, ಹೆಚ್ಚಿರುವ ಮಾದರಿ. ಇದರಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ. ಸಾಮಾನ್ಯ 7700ಎಕ್ಸ್‌ನಲ್ಲಿ ಇರುವುದು 32. ಸಿಮ್ ಪದೇ ಪದೇ ಕೇಳುವ ಮಾಹಿತಿ ಪ್ರೊಸೆಸರ್ ಪಕ್ಕದಲ್ಲೇ ಸಿಗುವುದರಿಂದ ರ‍್ಯಾಮ್‌ವರೆಗೆ ಓಡುವ ಕೆಲಸ ಕಡಿಮೆ. ನೆಲ ಮುಟ್ಟುವ ಹೊತ್ತಿನ ತೊದಲು ಇದರಿಂದಲೇ ಹೋಯಿತು. ಕಾರ್ಡ್ 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4070. ಒಂದೇ 1440ಪಿ ಮಾನಿಟರ್‌ಗೆ ಸಾಕು. ವಿಆರ್ ಕನ್ನಡಕ ಹಾಕುವವರು ಇದಕ್ಕಿಂತ ಮೇಲೆ ಹೋಗಬೇಕು. ರ‍್ಯಾಮ್ 32 ಜಿಬಿ, ಎನ್‌ವಿಎಂಇ ಎಸ್‌ಎಸ್‌ಡಿ. ಇವುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಫ್ರೇಮ್ ಮಿತಿಯನ್ನು 40ಕ್ಕೆ ಕಟ್ಟಿಹಾಕಿದೆ.

ಕರೆಂಟ್ ಬಗ್ಗೆಯೂ ಹೇಳಬೇಕು. ಮಳೆಗಾಲದ ಸಂಜೆ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಬೇಸ್‌ಗೆ ವಿದ್ಯುತ್ ನಿಂತರೆ ಸ್ಟಿಕ್ ಕೈಯಲ್ಲಿ ಜೋತು ಬೀಳುತ್ತದೆ. ಪಿಸಿ ಮತ್ತು ಬೇಸ್ ಎರಡನ್ನೂ ಒಂದೇ ಬ್ಯಾಕಪ್ ಮೇಲೆ ಇಡಿ. ಮನೆಯ ಇನ್ವರ್ಟರ್ ಸೈನ್ ವೇವ್‌ನದ್ದೇ ಇರಲಿ. ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದರಲ್ಲೇ ಹಾಕಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಗಳಿಗೆಯಲ್ಲಿ ಪಿಸಿ ರೀಸ್ಟಾರ್ಟ್ ಆಗಬಹುದು.

ಎಲ್ಲ ಜೋಡಿಸಿದ ಮೇಲೆ ನನಗೆ ಅತಿ ಖುಷಿ ಕೊಟ್ಟ ವಿಷಯ ನಮ್ಮ ಊರಿನ ಎತ್ತರದ್ದು. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಗಾಳಿ ತೆಳು. ಮೀಟರ್‌ನಲ್ಲಿ 65 ನಾಟ್ ತೋರಿಸುವಾಗ ವಿಮಾನದ ನಿಜವಾದ ವೇಗ ಸುಮಾರು ಶೇ. 6ರಷ್ಟು ಜಾಸ್ತಿ ಇರುತ್ತದೆ. ಆದರೆ ಕಂಟ್ರೋಲ್ ಮೇಲಿನ ಒತ್ತಡ ಮೀಟರ್‌ನ ವೇಗದ ಲೆಕ್ಕದಲ್ಲೇ ಬರುತ್ತದೆ. ಹಾಗಾಗಿ ಮಂಗಳೂರು ಕರಾವಳಿಯ ಮೇಲೆ 65 ನಾಟ್‌ನಲ್ಲಿ ಸ್ಟಿಕ್ ಹೇಗಿರುತ್ತದೋ ಜಕ್ಕೂರಿನಲ್ಲೂ ಹಾಗೇ ಇರುತ್ತದೆ, ನೆಲ ಮಾತ್ರ ಇಲ್ಲಿ ಬೇಗ ಬೇಗ ಓಡುತ್ತದೆ. ಕಣ್ಣು ನಂಬಿದರೆ ವೇಗ ಜಾಸ್ತಿಯಾಯಿತು ಅನ್ನಿಸಿ ಮೂಗು ಎತ್ತಿಬಿಡುತ್ತೇವೆ, ಸ್ಟಾಲ್ ಹತ್ತಿರ ಬರುತ್ತದೆ. ಕೈಯಲ್ಲಿ ಬಿಗಿ ಸರಿಯಾಗಿದ್ದರೆ ಆ ಆತುರ ಆಗುವುದಿಲ್ಲ.

ಹೊಸ ಬೇಸ್ ಬಂದ ದಿನ ಬಲವನ್ನು ಪೂರ್ತಿ ಏರಿಸಬೇಡಿ. ನಾನು ಅರ್ಧಕ್ಕಿಂತ ಕೆಳಗೆ ಶುರು ಮಾಡಿ, ಡ್ಯಾಂಪಿಂಗ್ ಸ್ವಲ್ಪ ಸೇರಿಸಿದೆ. ಡ್ಯಾಂಪಿಂಗ್ ಇಲ್ಲದಿದ್ದರೆ ಕೈ ಬಿಟ್ಟಾಗ ಸ್ಟಿಕ್ ಆಚೀಚೆ ಓಲಾಡುತ್ತದೆ. ಎಂಜಿನ್ ನಡುಕ, ರನ್‌ವೇ ಕುಲುಕಾಟ ಎಲ್ಲ ತೀರಾ ಕಡಿಮೆ ಇಟ್ಟೆ. ಅವು ಜಾಸ್ತಿಯಾದರೆ ಟ್ರಿಮ್‌ನ ಸೂಕ್ಷ್ಮ ಭಾರ ಮುಚ್ಚಿಹೋಗುತ್ತದೆ.

ಇಷ್ಟು ಹಣ ಈಗ ಇಲ್ಲ ಅನ್ನುವವರು ಆಯಸ್ಕಾಂತದ ಮೂಲಕ ಅಳೆಯುವ ಸೆನ್ಸರ್ ಇರುವ ಸ್ಪ್ರಿಂಗ್ ಸ್ಟಿಕ್ ಕೊಳ್ಳಿ. ಥ್ರಸ್ಟ್‌ಮಾಸ್ಟರ್ ಟಿ.16000ಎಂ, ವಿಕೆಬಿ ಗ್ಲಾಡಿಯೇಟರ್ ಆ ತರದವು. ಸ್ಟಿಕ್ಕಿನ ಹಿಂದೆ ಮುಂದೆ, ಎಡ ಬಲ ಚಲನೆ ಅಳೆಯಲು ಅದರಲ್ಲಿ ಉಜ್ಜಿ ಸವೆಯುವ ಪೊಟೆನ್ಶಿಯೋಮೀಟರ್ ಇಲ್ಲ, ನಮ್ಮ ಊರಿನ ಧೂಳಿಗೂ ತಡೆಯುತ್ತದೆ. ಎಎಂಡಿಯ ಹಳೆಯ ಎಎಂ4 ಮಾದರಿಯ ಮದರ್‌ಬೋರ್ಡ್ ಇದ್ದರೆ ಅದರ ಮೇಲೇ 5800ಎಕ್ಸ್3ಡಿ ಪ್ರೊಸೆಸರ್ ಕೂರುತ್ತದೆ, ಸಿಕ್ಕರೆ ಹಾಕಿಸಿ. ಬಯಾಸ್ ಅಪ್‌ಡೇಟ್ ಮಾಡಿಸುವುದನ್ನು ಅಂಗಡಿಯಲ್ಲೇ ಮುಗಿಸಿಕೊಂಡು ಬನ್ನಿ.