ಮನೆಯಲ್ಲೇ ಆಂಪ್ಲಿಫೈಯರ್: ಕೆಡುವುದೆಲ್ಲ ಒಂದು ಸ್ಕ್ರೂ ಹತ್ತಿರ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ದಾವಣಗೆರೆಯ ಹುಡುಗರು ತಾವೇ ಮಾಡಿದ ಆಂಪ್ಲಿಫೈಯರ್ ಚೀಲಕ್ಕೆ ಹಾಕಿಕೊಂಡು ರಿಪೇರಿಗೆ ಓಡಾಡುವುದು ಶುರು. ದೂರು ಎರಡೇ ಥರ. ‘ಅಣ್ಣಾ, ಹತ್ತು ನಿಮಿಷ ಹಾಡುತ್ತೆ, ಆಮೇಲೆ ಸುಮ್ನಾಗುತ್ತೆ, ತಣ್ಣಗಾದ ಮೇಲೆ ಮತ್ತೆ ಹಾಡುತ್ತೆ’ ಅನ್ನುವುದು ಒಂದು. ‘ಆನ್ ಮಾಡಿದ್ದೇ ತಡ, ಟಪ್ ಅಂತ ಫ್ಯೂಸ್ ಹೋಯ್ತು’ ಅನ್ನುವುದು ಇನ್ನೊಂದು. ಬಿಚ್ಚಿ ನೋಡಿದರೆ ಬಹಳ ಸಲ ಸರ್ಕ್ಯೂಟ್‌ನಲ್ಲಿ ತಪ್ಪೇ ಇರುವುದಿಲ್ಲ. ಸೋಲ್ಡರ್ ಕೂಡ ಚೆನ್ನಾಗಿರುತ್ತದೆ. ತಪ್ಪಿರುವುದು ಐಸಿಯನ್ನು (ಸದ್ದು ಜೋರು ಮಾಡುವ ಚಿಪ್ಪನ್ನು), ಅದರ ಬಿಸಿ ಹೀರಿ ಗಾಳಿಗೆ ಬಿಡುವ ರೆಕ್ಕೆಗಳ ಅಲ್ಯೂಮಿನಿಯಂ ತುಂಡಾದ ಹೀಟ್‌ಸಿಂಕ್‌ಗೆ ಕೂರಿಸಿದ ಜಾಗದಲ್ಲಿ. ಎಲ್ಲರೂ ಐದು ನಿಮಿಷದಲ್ಲಿ ಮುಗಿಸಿಬಿಡುವ ಕೆಲಸ ಅದು. ನೀವು ಅದಕ್ಕೆಂದೇ ಒಂದು ಇಡೀ ಬೆಳಗ್ಗೆ ಇಟ್ಟುಕೊಳ್ಳಿ.

ನಾವು ಮಾಡುವುದು ಎರಡು ಚಾನೆಲ್‌ನ ಸ್ಟೀರಿಯೋ. ಚಾನೆಲ್‌ಗೆ ಒಂದರಂತೆ ಎರಡು ಟಿಡಿಎ 7294 ಐಸಿ. 8 ಓಮ್ ಸ್ಪೀಕರ್‌ಗೆ ಒಂದೊಂದರಿಂದ ಸುಮಾರು 30 ವಾಟ್ ಬರುತ್ತದೆ. ‘ಬರೀ ಮೂವತ್ತಾ?’ ಅನ್ನಬೇಡಿ. ಡಬ್ಬದ ಮೇಲೆ 5000 ವಾಟ್ ಪಿಎಂಪಿಒ ಎಂದು ಬರೆದಿರುತ್ತಾರಲ್ಲ, ಅದು ಮಾರುವವನ ಲೆಕ್ಕ. ವಾಟ್ ಎರಡು ಪಟ್ಟು ಮಾಡಿದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ. ನಡುಮನೆಗೆ 30 ವಾಟ್ ಧಾರಾಳವಾಯಿತು. ಪೆಂಡಾಲ್‌ಗೆ ಬೇಕಿದ್ದರೆ ಮೈಕ್ ಸೆಟ್‌ನವರನ್ನು ಕರೆಯಿರಿ, ಇದನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ದೊಡ್ಡ ಟ್ರಾನ್ಸಿಸ್ಟರ್ ಜೋಡಿ ಹಾಕಿ 200 ವಾಟ್ ಮಾಡುತ್ತೇನೆ ಅನ್ನುವವರೂ ಮೊದಲು ಇದನ್ನು ಮಾಡಿ ನೋಡಿ. 7294ರ ಒಳಗೆ ಬಿಸಿ ಜಾಸ್ತಿಯಾದರೆ ತಾನೇ ಬಾಯಿ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆ. ಬಿಡಿ ಟ್ರಾನ್ಸಿಸ್ಟರ್‌ಗೆ ಅದಿಲ್ಲ. ಅದು ಸುಡುತ್ತದೆ, ಸ್ಪೀಕರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಹಂತ 1: ಸಾಮಾನು

ಟ್ರಾನ್ಸ್‌ಫಾರ್ಮರ್ 20-0-20 ವೋಲ್ಟ್, 3 ಆಂಪ್. ಬ್ರಿಡ್ಜ್ ರೆಕ್ಟಿಫೈಯರ್ 25 ಆಂಪ್‌ನ ಲೋಹದ ಮೈಯದ್ದು. ಫಿಲ್ಟರ್‌ಗೆ 10,000 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಎರಡು ಕೆಪಾಸಿಟರ್. ಪ್ರೈಮರಿ ಕಡೆ, ಅಂದರೆ ಮನೆಯ ಕರೆಂಟ್ ಒಳಬರುವ ಕಡೆ, 1 ಆಂಪ್ ಸ್ಲೋ-ಬ್ಲೋ ಫ್ಯೂಸ್. ಮೂರು ಪಿನ್ ಪ್ಲಗ್. ಅರ್ಥ್ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಚುಚ್ಚುವವರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು.

24-0-24 ಹಾಕಿದರೆ ಇನ್ನೂ ಜೋರಾಗಿ ಬರುತ್ತದೆ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಬೇಡ. 20 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿ, ಡಯೋಡ್‌ದು ಒಂದು ವೋಲ್ಟ್ ಕಳೆದರೆ ಡಿಸಿ 27 ಬರುತ್ತದೆ. 24ಕ್ಕೆ 33. ರಾತ್ರಿ ಪಂಪ್‌ಸೆಟ್‌ಗಳೆಲ್ಲ ನಿಂತಾಗ ಹಳ್ಳಿ ಲೈನಿನಲ್ಲಿ ವೋಲ್ಟೇಜ್ 250 ಮುಟ್ಟುವುದುಂಟು. ಲೋಡ್ ಇಲ್ಲದ ಹೊತ್ತಿನಲ್ಲಿ ಆ 33 ಹೋಗಿ 38ರ ಹತ್ತಿರ ಬರುತ್ತದೆ. ಐಸಿಯ ಗಡಿ 40. ಮೇಲಾಗಿ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ತೂಕ ಕಮ್ಮಿ ಅನ್ನಿಸಿದರೆ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ವೈಂಡಿಂಗ್, ವಾಪಸ್ ಕೊಡಿ. ಐಸಿಯಲ್ಲೂ ನಕಲಿ ಬೇಕಾದಷ್ಟಿದೆ. ಹತ್ತಿಗೆ ಥಿನ್ನರ್ ಹಚ್ಚಿ ಮೇಲಿನ ಅಕ್ಷರ ಉಜ್ಜಿ. ಅಳಿಸಿಹೋದರೆ ಅದು ಬೇರೆ ಯಾವುದೋ ಐಸಿಗೆ ಹೊಸ ಹೆಸರು. ರೆಸಿಸ್ಟರ್, ವೈರ್, ಸ್ಕ್ರೂ ಎಲ್ಲ ಊರಲ್ಲೇ ಸಿಗುತ್ತವೆ. ಐಸಿ ಮಾತ್ರ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಬಿಲ್ ಕೊಡುವ ಅಂಗಡಿಯಿಂದ ತರುವುದು ನನ್ನ ಪದ್ಧತಿ. ಬಿಲ್ ಇದ್ದರೆ ಕನಿಷ್ಠ ಜಗಳ ಆಡಲಿಕ್ಕಾದರೂ ಆಗುತ್ತದೆ.

ಹಂತ 2: ಬೋರ್ಡ್

ಸರ್ಕ್ಯೂಟ್ ಹುಡುಕಿ ಅಲೆಯಬೇಡಿ. ತಯಾರಕರಾದ ಎಸ್‌ಟಿ ಕಂಪನಿಯ ಡೇಟಾಶೀಟ್‌ನಲ್ಲಿ ಇರುವುದೇ ಸಾಕು. ಫೀಡ್‌ಬ್ಯಾಕ್‌ಗೆ 22 ಕಿಲೋ ಓಮ್ ಮತ್ತು 680 ಓಮ್, ಗೇನ್ 30 ಡೆಸಿಬಲ್. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು ಸಪ್ಲೈ ಪಿನ್‌ಗಳ ಬುಡಕ್ಕೇ ಅಂಟಿಕೊಂಡಿರಬೇಕು. ಎರಡಿಂಚು ದೂರ ಇಟ್ಟರೆ ಕಿವಿಗೆ ಕೇಳದ ಆಸಿಲೇಷನ್ (ತಾನೇ ತಾನಾಗಿ ಎದ್ದ ಕಂಪನ) ಶುರುವಾಗಿ, ಹಾಡು ಇಲ್ಲದಿದ್ದರೂ ಐಸಿ ಬಿಸಿಯಾಗುತ್ತದೆ.

ಬೋರ್ಡಿನ ಟ್ರ್ಯಾಕ್‌ಗಳ (ಕರೆಂಟ್ ಹರಿಯುವ ತಾಮ್ರದ ಗೆರೆಗಳ) ಚಿತ್ರವನ್ನು ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಹೊಳಪಿನ ಕಾಗದದ ಮೇಲೆ ತೆಗೆದು, ಸ್ಕ್ರಬ್ಬರ್‌ನಿಂದ ಉಜ್ಜಿದ ತಾಮ್ರದ ಬೋರ್ಡ್ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ. ಇಂಕ್‌ಜೆಟ್ ಪ್ರಿಂಟ್ ಹಿಡಿಯುವುದಿಲ್ಲ. ಚಿತ್ರ ಉಲ್ಟಾ ಆಗುವ ಗೊಂದಲಕ್ಕೆ ಒಂದು ಉಪಾಯ: ತಾಮ್ರದ ಪದರದಲ್ಲಿ ಒಂದು ಅಕ್ಷರ ಸೇರಿಸಿ. ಕಾಗದದ ಮೇಲೆ ಅದು ತಿರುವುಮುರುವಾಗಿ ಕಾಣಬೇಕು, ತಾಮ್ರದ ಮೇಲೆ ನೆಟ್ಟಗೆ. ಆಮೇಲೆ ಪ್ಲಾಸ್ಟಿಕ್ ಟ್ರೇಯಲ್ಲಿ, ಬೇಡದ ತಾಮ್ರ ಕರಗಿಸಲು, ಫೆರಿಕ್ ಕ್ಲೋರೈಡ್. ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ, ಕುದ್ದು ಸಿಡಿಯುತ್ತದೆ. ಅಡುಗೆಮನೆಯ ಸ್ಟೀಲ್ ಪಾತ್ರೆ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಚೆಲ್ಲಬಾರದು, ಅದರಲ್ಲಿ ತಾಮ್ರ ಕರಗಿರುತ್ತದೆ. ಬಾಟಲಿಗೆ ತುಂಬಿಟ್ಟುಕೊಂಡರೆ ಇನ್ನೂ ಒಂದೆರಡು ಬೋರ್ಡಿಗೆ ಬರುತ್ತದೆ. ಸಪ್ಲೈ ಮತ್ತು ಸ್ಪೀಕರ್ ಕರೆಂಟ್ ಹರಿಯುವ ಟ್ರ್ಯಾಕ್ 3-4 ಮಿ.ಮೀ. ಅಗಲ ಇರಲಿ, ಮೇಲೆ ಸೋಲ್ಡರ್ ಬಳಿಯಿರಿ.

ತೂತು ಕೊರೆದು, ಐಸಿ ಬಿಟ್ಟು ಉಳಿದೆಲ್ಲ ಸೋಲ್ಡರ್ ಮಾಡಿ. ಐಸಿಯನ್ನು ಈಗ ಮುಟ್ಟಬೇಡಿ.

ಹಂತ 3: ಹೀಟ್‌ಸಿಂಕ್

ಮೊದಲು ಲೆಕ್ಕ. ಪ್ಲಸ್ 27, ಮೈನಸ್ 27 ವೋಲ್ಟ್‌ನಲ್ಲಿ, 8 ಓಮ್ ಸ್ಪೀಕರ್ ಇದ್ದಾಗ ಒಂದು ಐಸಿ ಅತಿ ಹೆಚ್ಚೆಂದರೆ ಸುಮಾರು 20 ವಾಟ್ ಬಿಸಿ ಉಗುಳುತ್ತದೆ. ಅದೂ ವಾಲ್ಯೂಮ್ ಪೂರ್ತಿ ಇಟ್ಟಾಗ ಅಲ್ಲ, ಅರ್ಧಕ್ಕಿಂತ ಕಮ್ಮಿ ವಾಟ್ ಹೊರಡುತ್ತಿರುವಾಗ. ಎರಡು ಐಸಿಗೆ 40 ವಾಟ್. ಒಂದು ವಾಟ್‌ಗೆ ಒಂದು ಡಿಗ್ರಿ ಕಾಯುವ ಹೀಟ್‌ಸಿಂಕ್ ಹಾಕಿದರೆ ಅದು ಸುತ್ತಲಿನ ಗಾಳಿಗಿಂತ 40 ಡಿಗ್ರಿ ಜಾಸ್ತಿ ಕಾಯುತ್ತದೆ. ಐಸಿಯ ಒಳಗಿನ ಚಿಪ್ ಹೀಟ್‌ಸಿಂಕ್‌ಗಿಂತ ಇನ್ನೂ 40 ಡಿಗ್ರಿ ಮೇಲಿರುತ್ತದೆ. ನಮ್ಮ ಏಪ್ರಿಲ್ ಗೊತ್ತಲ್ಲ, ಪೆಟ್ಟಿಗೆಯ ಹತ್ತಿರ 45 ಡಿಗ್ರಿ ಹಿಡಿಯಿರಿ. ಕೂಡಿದರೆ 125. ಐಸಿ ಬಾಯಿ ಮುಚ್ಚುವುದು 145ಕ್ಕೆ. ಕೈಯಲ್ಲಿ ಉಳಿದದ್ದು 20 ಡಿಗ್ರಿ ಮಾತ್ರ. ಐಸಿಯ ಬೆನ್ನಿನಿಂದ ಕರೆಂಟ್ ದಾಟದಂತೆ ನಡುವೆ ಇಡುವ ಮೈಕಾ ಹಾಳೆಗೆ, ಬಿಸಿ ದಾಟಿಸುವ ಪೇಸ್ಟ್ ಹಚ್ಚದೆ ಒಣಗಿದ್ದನ್ನೇ ಕೂರಿಸಿದರೆ ಆ ಇಪ್ಪತ್ತನ್ನು ಅದೊಂದೇ ತಿಂದುಬಿಡಬಹುದು. ಹತ್ತು ನಿಮಿಷಕ್ಕೆ ಸುಮ್ಮನಾಗುವ ಆಂಪ್ಲಿಫೈಯರ್‌ಗಳ ಕಥೆ ಇದೇ.

4 ಓಮ್ ಸ್ಪೀಕರ್ ಹಾಕಿದರೆ ಬಿಸಿ ಎರಡು ಪಟ್ಟು. ಹಾಕಬೇಡಿ.

ಅಂಗಡಿಯಲ್ಲಿ ಹೀಟ್‌ಸಿಂಕನ್ನು ಡಿಗ್ರಿ ಲೆಕ್ಕದಲ್ಲಿ ಕೊಡುವುದಿಲ್ಲ. ಸುಮಾರು 20 ಸೆಂ.ಮೀ. ಅಗಲ, 10-12 ಸೆಂ.ಮೀ. ಎತ್ತರ, 4 ಸೆಂ.ಮೀ. ರೆಕ್ಕೆ ಇರುವುದನ್ನು ಆರಿಸಿ. ಗುಜರಿ ಅಂಗಡಿಯಲ್ಲಿ ಹಳೇ ಯುಪಿಎಸ್, ಇನ್ವರ್ಟರ್‌ಗಳದ್ದು ತೂಕದ ಲೆಕ್ಕದಲ್ಲಿ ಸಿಗುತ್ತದೆ, ಹೊಸದಕ್ಕಿಂತ ದಪ್ಪವಾಗಿರುತ್ತದೆ. ಕಂಪ್ಯೂಟರ್ ಪ್ರೊಸೆಸರ್‌ದು ಬೇಡ. ಅದರ ರೆಕ್ಕೆಗಳು ಒತ್ತೊತ್ತಾಗಿರುತ್ತವೆ, ಫ್ಯಾನ್ ಇಲ್ಲದೆ ಗಾಳಿ ಆಡುವುದಿಲ್ಲ. ಫ್ಯಾನ್ ಹಾಕಿದರಾಯಿತು ಅನ್ನುವವರು ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದರೆ ಒಂದು ವರ್ಷದ ಮೇಲೆ ಬಿಚ್ಚಿ ನೋಡಲಿ, ಮಸಿ ಮತ್ತು ಧೂಳು ಕಂಬಳಿ ಹೊದ್ದಂತೆ ಕೂತಿರುತ್ತದೆ.

ಇನ್ನು ಕೂರಿಸುವ ಕೆಲಸ. ಸ್ಟೀಲ್ ಸ್ಕೇಲಿನ ಅಂಚನ್ನು ಹೀಟ್‌ಸಿಂಕ್ ಮೈಮೇಲೆ ನಿಲ್ಲಿಸಿ, ಹಿಂದೆ ಬೆಳಕು ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಂಡರೆ ಮೈ ಸಮ ಇಲ್ಲ. ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಹಾಸಿ, ಆ ಜಾಗ ಸಮ ಆಗುವವರೆಗೂ ತಿಕ್ಕಿ. 3 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ತೂತು ಕೊರೆಯಿರಿ.

ತೂತು ಕೊರೆದ ಮೇಲೆ ಅದರ ಬಾಯಿ ಸುತ್ತ ಬೆರಳಿನಿಂದ ಸವರಿ. ಚುಚ್ಚಿದ ಹಾಗೆ ಆಗುತ್ತದೆ ಅಲ್ವಾ? ಅಲ್ಯೂಮಿನಿಯಂನ ಆ ಸಣ್ಣ ಅಂಚೇ ಫ್ಯೂಸ್ ಹಾರಿಸುವ ಕಳ್ಳ. ಮೈಕಾ ಹಾಳೆ ಬಹಳ ತೆಳು. ಸ್ಕ್ರೂ ಬಿಗಿ ಮಾಡಿದಾಗ ಈ ಅಂಚು ಮೈಕಾವನ್ನು ತೂತು ಮಾಡಿ ಐಸಿಯ ಬೆನ್ನಿಗೆ ತಾಗುತ್ತದೆ. 7294ರ ಲೋಹದ ಬೆನ್ನು ಒಳಗಡೆಯಿಂದಲೇ ಮೈನಸ್ ಸಪ್ಲೈಗೆ ಸೇರಿದೆ. ಅಂದರೆ ಹೀಟ್‌ಸಿಂಕ್ ಪೂರ್ತಿ ಮೈನಸ್ 27 ವೋಲ್ಟ್ ಆಗುತ್ತದೆ, ಅದು ಪೆಟ್ಟಿಗೆಗೆ ಮುಟ್ಟಿದರೆ ಸಪ್ಲೈ ನೇರ ಶಾರ್ಟ್. 8 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ತೂತಿನ ಬಾಯಲ್ಲಿ ಎರಡು ಸುತ್ತು ತಿರುಗಿಸಿ. ಮತ್ತೆ ಸವರಿ. ನುಣ್ಣಗಾಗುವವರೆಗೂ ಮುಂದೆ ಹೋಗಬೇಡಿ.

ಪೇಸ್ಟ್ ವಿಷಯ. ಬೆಣ್ಣೆ ದೋಸೆಗೆ ಬೆಣ್ಣೆ ಹಾಕುವ ಕೈಯಲ್ಲಿ ಪೇಸ್ಟ್ ಹಚ್ಚುವುದು ನಮ್ಮೂರಿನ ಚಾಳಿ. ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಲ್ಲಿ ಗಾಳಿ ಉಳಿಯದಂತೆ ತುಂಬುವುದಷ್ಟೇ ಅದರ ಕೆಲಸ. ಗಾಳಿಗಿಂತ ಪೇಸ್ಟ್ ವಾಸಿ, ಪೇಸ್ಟಿಗಿಂತ ಅಲ್ಯೂಮಿನಿಯಂ ಎಷ್ಟೋ ಪಾಲು ವಾಸಿ. ಮೈಕಾದ ಎರಡೂ ಬದಿಗೆ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಎಳೆದು, ಕೆಳಗಿನ ಬಣ್ಣ ಮಬ್ಬಾಗಿ ಕಾಣುವಷ್ಟು ತೆಳುವಾಗಿ ಹಚ್ಚಿ. ಸಣ್ಣ ಡಬ್ಬಿಯಲ್ಲಿ ಹೆಸರಿಲ್ಲದೆ ಸಿಗುವ ಬಿಳಿ ಪೇಸ್ಟ್ ಆರು ತಿಂಗಳಿಗೆ ಸುಣ್ಣದಂತೆ ಉದುರುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಐಸಿ ಕಳೆದುಕೊಳ್ಳಬೇಡಿ. ಟೂತ್‌ಪೇಸ್ಟ್ ಹಚ್ಚುವವರಿಗೆ ಏನು ಹೇಳುವುದು!

ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಿ, ಅದರ ಮೇಲೆ ವಾಷರ್, ಆಮೇಲೆ ಸ್ಪ್ರಿಂಗ್ ವಾಷರ್. ಬುಶ್ ಮರೆತರೆ ಮೈಕಾ ಹಾಕಿಯೂ ಪ್ರಯೋಜನವಿಲ್ಲ, ಸ್ಕ್ರೂ ಮೂಲಕವೇ ಕರೆಂಟ್ ದಾಟುತ್ತದೆ. ಬೆರಳಿನಿಂದ ತಿರುಗುವವರೆಗೆ ತಿರುಗಿಸಿ, ಸ್ಕ್ರೂಡ್ರೈವರ್‌ನಲ್ಲಿ ಇನ್ನು ಕಾಲು ಸುತ್ತು, ಸ್ಪ್ರಿಂಗ್ ವಾಷರ್ ಚಪ್ಪಟೆಯಾದರೆ ನಿಲ್ಲಿಸಿ. ಶಕ್ತಿ ಪ್ರದರ್ಶನ ಬೇಡ.

ಈಗ ಬೋರ್ಡನ್ನು ಐಸಿಯ ಕಾಲುಗಳಿಗೆ ತೂರಿಸಿ, ಸ್ಟಡ್ ಮೇಲೆ ನಿಲ್ಲಿಸಿ, ಕೊನೆಗೆ ಕಾಲುಗಳನ್ನು ಸೋಲ್ಡರ್ ಮಾಡಿ. ಮೊದಲೇ ಸೋಲ್ಡರ್ ಮಾಡಿ ಆಮೇಲೆ ಹೀಟ್‌ಸಿಂಕ್‌ಗೆ ಎಳೆದು ಬಿಗಿದರೆ ಐಸಿ ಒಂದು ಬದಿಗೆ ಎದ್ದಿರುತ್ತದೆ. ಪದೇ ಪದೇ ಬಿಸಿಯಾಗಿ ಆರಿ ಕಾಲುಗಳ ಬೆಸುಗೆಯೂ ಬಿರಿಯುತ್ತದೆ.

ಮಲ್ಟಿಮೀಟರ್ ಹಿಡಿದು ಐಸಿಯ 8ನೇ ಪಿನ್ (ಮೈನಸ್ ಸಪ್ಲೈ) ಮತ್ತು ಹೀಟ್‌ಸಿಂಕ್ ನಡುವೆ ನೋಡಿ. ಬೀಪ್ ಬರಬಾರದು. ಒಂದು ಎಚ್ಚರಿಕೆ: ಹೀಟ್‌ಸಿಂಕಿನ ಕಪ್ಪು ಲೇಪ ತಾನೇ ಕರೆಂಟ್ ಬಿಡುವುದಿಲ್ಲ. ಅದರ ಮೇಲೆ ಪ್ರೋಬ್ ಇಟ್ಟರೆ ಒಳಗೆ ಶಾರ್ಟ್ ಇದ್ದರೂ ಮೀಟರ್ ಸುಮ್ಮನಿರುತ್ತದೆ. ಮೂಲೆಯಲ್ಲಿ ಚೂರು ಕೆರೆದು, ಬೆಳ್ಳಿ ಬಣ್ಣ ಕಂಡ ಜಾಗದಲ್ಲಿ ಪ್ರೋಬ್ ಒತ್ತಿ.

ರೆಕ್ಕೆಗಳು ನೆಟ್ಟಗೆ ನಿಂತಿರಲಿ, ಪೆಟ್ಟಿಗೆಯ ಹೊರಗೆ, ಹಿಂಬದಿಯಲ್ಲಿ. ಕೆಳಗೆ ಗಾಳಿ ನುಗ್ಗಲು ಎರಡು ಬೆರಳು ಎತ್ತರದ ಕಾಲುಗಳು ಬೇಕು. ಶೋಕೇಸ್ ಒಳಗೆ, ಮೇಲೆ ಕ್ರೋಶಾ ಬಟ್ಟೆ ಹೊದಿಸಿ ಇಡುವ ಮನೆಗಳಿವೆ. ಅಮ್ಮನಿಗೆ ಮೊದಲೇ ಹೇಳಿಡಿ.

ಹಂತ 4: ವೈರಿಂಗ್

ಗುಂಯ್ ಎಂಬ ಸದ್ದು ಬರುವುದು ಗ್ರೌಂಡ್ ಎಲ್ಲೆಂದರಲ್ಲಿ ಸೇರಿಸಿದಾಗ. ಎರಡು ಫಿಲ್ಟರ್ ಕೆಪಾಸಿಟರ್ ಸೇರುವ ನಡುಬಿಂದುವಿನಿಂದ ಒಂದಿಂಚು ಉದ್ದದ ದಪ್ಪ ತಂತಿ ಎಳೆದು, ಆ ತುದಿಗೆ ಮಾತ್ರ ಎಲ್ಲ ಗ್ರೌಂಡ್‌ಗಳನ್ನೂ ತನ್ನಿ: ಎರಡು ಬೋರ್ಡಿನದು, ಎರಡು ಸ್ಪೀಕರಿನದು. ಪೆಟ್ಟಿಗೆಗೂ ಅಲ್ಲಿಂದ ಒಂದೇ ತಂತಿ. ಪ್ಲಗ್ಗಿನ ಅರ್ಥ್ ಪೆಟ್ಟಿಗೆಗೆ ಸ್ಕ್ರೂ ಹಾಕಿ ಬಿಗಿಯಾಗಿ. ಎಸಿ ತಂತಿಗಳನ್ನು ಹೆಣೆದು, ಇನ್‌ಪುಟ್ ತಂತಿಯಿಂದ ದೂರ ಇಡಿ. ಪ್ರತಿ ಫಿಲ್ಟರ್ ಕೆಪಾಸಿಟರ್‌ಗೂ ಅಡ್ಡಲಾಗಿ 2.2 ಕಿಲೋ ಓಮ್, 2 ವಾಟ್ ರೆಸಿಸ್ಟರ್ ಹಾಕಿ, ಆಫ್ ಮಾಡಿದ ಮೇಲೆ ಚಾರ್ಜ್ ಇಳಿಯುತ್ತದೆ.

ಹಂತ 5: ಮೊದಲ ಸಲ ಆನ್

ನೇರ ಸಾಕೆಟ್‌ಗೆ ಬೇಡ. ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ತನ್ನಿ, ಅದರಲ್ಲಿ ಕರೆಂಟ್ ಒಂದು ಬಲ್ಬಿನ ಮೂಲಕವೇ ಹೋಗುತ್ತದೆ; 60 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರಬೇಕು, ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಸ್ಪೀಕರ್ ಕಟ್ಟಬೇಡಿ. ಆನ್ ಮಾಡಿದಾಗ ಬಲ್ಬ್ ಜಗ್ ಅಂತ ಹೊತ್ತಿ, ಕೆಪಾಸಿಟರ್ ತುಂಬಿದ ಮೇಲೆ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ ಮತ್ತೆ ಮೈಕಾದಿಂದ ಹುಡುಕಲು ಶುರು ಮಾಡಿ. ಮಂಕಾದರೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ಇಪ್ಪತ್ತು ಚಿಲ್ಲರೆ ವೋಲ್ಟ್ ತೋರಿಸಿದರೆ ಸ್ಪೀಕರ್ ಹತ್ತಿರಕ್ಕೂ ತರಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ದುಬಾರಿ ಸ್ಪೀಕರ್ ಇದ್ದವರು ಯುಪಿಸಿ 1237 ಐಸಿ ಇರುವ ಪ್ರೊಟೆಕ್ಷನ್ ಬೋರ್ಡ್ ಒಂದನ್ನು ನಡುವೆ ಹಾಕಿಬಿಡಿ.

ಆಮೇಲೆ ಬಲ್ಬ್ ತೆಗೆದು, ಸ್ಪೀಕರ್ ಕಟ್ಟಿ, ಅರ್ಧ ಗಂಟೆ ಜೋರಾಗಿ ಹಾಡು ಹಾಕಿ. ಹೀಟ್‌ಸಿಂಕ್ ಮೇಲೆ ಕೈ ಇಟ್ಟು ಐದು ಸೆಕೆಂಡ್ ತಡೆದುಕೊಳ್ಳುವಂತಿದ್ದರೆ ಸರಿ. ಹೀಟ್‌ಸಿಂಕ್ ತಣ್ಣಗೇ ಇದ್ದು ಐಸಿಯ ಮೈ ಮಾತ್ರ ಸುಡುತ್ತಿದ್ದರೆ ಬಿಸಿ ದಾಟುತ್ತಿಲ್ಲ ಎಂದರ್ಥ. ಬಿಚ್ಚಿ, ಒರೆಸಿ, ಪೇಸ್ಟ್ ಮತ್ತೆ ಹಚ್ಚಿ. ಒಂದು ವಾರ ಹಾಡಿದ ಮೇಲೆ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಲು ಬಿಟ್ಟು, ಐಸಿಯ ಸ್ಕ್ರೂ ಇನ್ನೊಮ್ಮೆ ನೋಡಿ. ಸಡಿಲಾಗಿದ್ದರೆ ಚೂರು ಬಿಗಿ ಮಾಡಿ. ಡಿಸೆಂಬರ್‌ನಲ್ಲಿ ಮಾಡಿ ಮುಗಿಸಿದವರು ಕೈ ಇಡುವ ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನ ಒಂದು ಸಲ ಮತ್ತೆ ಮಾಡಿ.